ಹೊನ್ನೂರಪ್ಪನವರ ಚಾವಿ, ಖಾಜಾಸಾಬನ ಹಲ್ಲು

ನಮ್ಮ ಭಾವ ಹೊನ್ನೂರಪ್ಪನವರು ಕಾರು ತಂದಾಗ ಸಿಂಧನೂರಿನ ಮಂದಿ ಕಾರು ನೋಡಲು ಬಂದರು, ಭಾವ ಅವರಿಗೆ ಚಾವಿ ತೋರಿಸಿದರು. ಕಾರು ಬೇವಿನ ಮರದ ಕೆಳಗೆ ನಿಂತಿರುತ್ತದೆ, ಅದನ್ನು ಹೋಟೆಲಿನ ಟೇಬಲ್ಲಿನ ಮೇಲೆ ಇಡಲಾಗುವುದಿಲ್ಲ. ಚಾವಿಯನ್ನು ಇಡಬಹುದು. ಹೋಟೆಲಿಗೆ, ಸೊಸೈಟಿಯ ಮೀಟಿಂಗಿಗೆ, ಸತ್ತವರ ಮನೆಗೆ ಸಮಾಧಾನ ಹೇಳಲು ಹೋದಾಗ ಕೂಡ ಒಯ್ಯಬಹುದು. ಭಾವ ಒಯ್ಯುತ್ತಿದ್ದರು.

ಎಡದಂಡೆ ಕಾಲುವೆಯ ನೀರು ಬಂದು ನಮ್ಮ ಕಡೆಯ ಬಿಳಿಜೋಳದ ಹೊಲಗಳು ಭತ್ತದ ಗದ್ದೆಗಳಾದ ಹೊಸತು ಅದು. ಕೈಯಲ್ಲಿ ರೊಕ್ಕ ಆಡತೊಡಗಿದ ಕೂಡಲೇ ಕೆಲವರು ರೇಡಿಯೊ ತಂದರು, ಕೆಲವರು ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟು ಹಾಕಿಸಿದರು. ಭಾವ ರಾಯಚೂರಿನ ವಕೀಲರೊಬ್ಬರು ಓಡಿಸಿ ಓಡಿಸಿ ಬೇಸತ್ತ ಕರಿ ಕಾರು ತಂದರು. ಅದಕ್ಕೆ ಇದ್ದದ್ದು ಒಂದೇ ಚಾವಿ. ಇನ್ನೊಂದು ಮಾಡಿಸಿ ಇಡಿರಿ ಎಂದು ನಾನು ಹೇಳಿದಾಗ ಭಾವ ನನ್ನನ್ನು ಮನೆ ಮುರಿಯಲು ಬಂದವನಂತೆ ನೋಡಿದರು. ಎರಡು ಚಾವಿ ಇದ್ದರೆ ಇಬ್ಬರು ಯಜಮಾನರಾಗುತ್ತಾರೆ ಎಂಬುದು ಅವರ ತಿಳಿವಳಿಕೆ. ಅವರ ಹೆಂಡತಿ ಆದೆಮ್ಮ ನನ್ನ ಅಕ್ಕ. ನನ್ನ ಬಟ್ಟೆ ಅಂಗಡಿ ಅವರ ಮನೆಯ ಎದುರಿಗೇ ಇದೆ. ಹಾಗಾಗಿ ಅವರ ದೊಡ್ಡಸ್ತಿಕೆಯನ್ನೆಲ್ಲ ಹತ್ತಿರದಿಂದ ನೋಡುವುದು ನನ್ನ ಹಣೆಯಲ್ಲಿ ಬರೆದಿತ್ತು.

ಚಾವಿಯನ್ನು ಸುಮ್ಮನೆ ಹಿಡಿದು ಕೂತರೆ ಎಷ್ಟು ಹೊತ್ತು ಹಿಡಿದಾರು? ಅದಕ್ಕೊಂದು ಕೆಲಸ ಬೇಕಿತ್ತು. ಭಾವನಿಗೆ ಎಲೆಅಡಿಕೆಯ ಚಟ. ಅಂಗೈಯಲ್ಲಿ ಎಲೆ ಹರಡುವುದು, ಸುಣ್ಣದ ಡಬ್ಬಿ ತೆರೆಯುವುದು, ಜೇಬಿನಿಂದ ಕಾರಿನ ಚಾವಿ ತೆಗೆಯುವುದು, ಅದರ ತುದಿಯಿಂದ ಸುಣ್ಣ ಎತ್ತಿ ಎಲೆಗೆ ಸವರುವುದು. ನಿಧಾನವಾಗಿ ಸವರುತ್ತಿದ್ದರು. ಹೋಟೆಲಿಗೆ ಹೊಸ ಮುಖ ಬಂದರೆ ಅವರನ್ನೂ ಕರೆದು ಎಲೆ ಕೊಟ್ಟು ಸುಣ್ಣ ತಾವೇ ಹಚ್ಚುತ್ತಿದ್ದರು. ಬಾಯಿ ಕೆಂಪಾದವನು ಇದು ಯಾವ ಗಾಡಿಯದು ಎಂದು ಕೇಳದೆ ಎದ್ದು ಹೋಗುವಂತಿರಲಿಲ್ಲ. ಆಮೇಲೆ ನೆನಪಾದರೆ ಚಾವಿಯನ್ನು ಧೋತರದ ಚುಂಗಿಗೆ ಒರೆಸುತ್ತಿದ್ದರು, ನೆನಪಾಗದಿದ್ದರೆ ಹಾಗೆಯೇ ಡ್ರೈವರನ ಕೈಗೆ ಕೊಡುತ್ತಿದ್ದರು. ಬಹಳ ಸಲ ನೆನಪಾಗುತ್ತಿರಲಿಲ್ಲ.

ಡ್ರೈವರ್ ಖಾಜಾಸಾಬ್. ಕಾಲುವೆ ಅಗೆಯುವಾಗ ಕಂತ್ರಾಟುದಾರನ ಲಾರಿಯಲ್ಲಿ ಮಣ್ಣು ಹೊತ್ತವನು. ನಮ್ಮ ಕಡೆ ಕೆಲಸ ಮುಗಿದು ಲಾರಿಗಳು ಬೇರೆ ಸೀಮೆಗೆ ಹೊರಟಾಗ ಅವನೂ ಹೊರಟಿದ್ದ. ಇಲ್ಲೇ ಇರು, ಸಾಯುವತನಕ ನನ್ನ ಕಾರು ನಿನ್ನದೇ ಕೈಯಲ್ಲಿ ಎಂದು ಭಾವ ಮಾತು ಕೊಟ್ಟು ನಿಲ್ಲಿಸಿಕೊಂಡರು. ಅವನ ಹೆಂಡತಿ ಜಮೀಲಾಬೀ ಬಾಣಂತಿ, ಎರಡನೆಯ ಕೂಸು. ಬೇರೆ ಕಾರು ಊರಲ್ಲಿ ಇಲ್ಲ, ಲಾರಿಗಳು ಹೋಗಿಯಾಗಿದೆ. ಈ ನೌಕರಿ ಹೋದರೆ ಅವನು ಗದ್ದೆಯ ಕೆಸರಿಗೆ ಇಳಿಯಬೇಕು, ಇಲ್ಲವೇ ಹೆಂಡತಿ ಮಕ್ಕಳನ್ನು ಬಿಟ್ಟು ಹಟ್ಟಿಯ ಚಿನ್ನದ ಗಣಿಗೆ ಹೋಗಬೇಕು. ನಮಾಜು ತಪ್ಪಿಸದ, ಬೀಡಿ ಸೇದದ, ಚಹಾ ಕೂಡ ಬೇಡವೆನ್ನುವ ಮನುಷ್ಯ. ನಕ್ಕರೆ ಹಲ್ಲು ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು. ಸುಳ್ಳು ಹೇಳುವುದಂತೂ ಅವನಿಗೆ ಬರುತ್ತಲೇ ಇರಲಿಲ್ಲ. ಹೆಚ್ಚಿನ ಪೆಟ್ರೋಲು ಬರೆಸು ಎಂದು ಬಂಕಿನವನು ಹೇಳಿಕೊಟ್ಟರೂ ಬರಲಿಲ್ಲ.

ಚಾವಿ ಬಿಗಿಯುತ್ತಿರುವುದು ಅವನಿಗೆ ಮೊದಲೇ ಗೊತ್ತಾಗಿತ್ತು. ಬೆಳಿಗ್ಗೆ ಎದ್ದು ಜಾಲಿಮುಳ್ಳಿನಿಂದ ಚಾವಿ ಹಾಕುವ ಕೀಲಿಯ ತೂತು ಕೆದರುತ್ತಿದ್ದ, ಬಾಯಿಂದ ಊದುತ್ತಿದ್ದ. ಒಮ್ಮೆ ಮರದ ಸಣ್ಣ ಚಮಚ ಕೆತ್ತಿ, ದಾರ ಪೋಣಿಸಿ, "ಡಬ್ಬಿಗಿ ಕಟ್ಟಿದ್ರ ಚಂದ ಕಾಣ್ತೈತ್ರಿ ಸಾವ್ಕಾರ್ರ" ಎಂದು ಭಾವನಿಗೆ ಕೊಟ್ಟ. ಅದಕ್ಕಿಂತ ಬಿಚ್ಚಿ ಹೇಳುವುದು ಅವನಿಂದಾಗದ ಮಾತು. ಭಾವ ಮೆಚ್ಚಿ, ಅದನ್ನು ಪಕ್ಕದ ಮನೆಯ ಹುಡುಗಿಗೆ ಗೊಂಬೆಯಾಟಕ್ಕೆ ಕೊಟ್ಟುಬಿಟ್ಟರು.

ಲಿಂಗಸುಗೂರಿನಲ್ಲಿ ನಮ್ಮ ಬೀಗರು ಹೊಸ ಮನೆ ಕಟ್ಟಿಸಿದ್ದರು. ಮನೆ ಪ್ರವೇಶಕ್ಕೆಂದು ಬೆಳಿಗ್ಗೆಯೇ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ, ಅವಳ ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಬೀಗರಿಗೆ ಒಯ್ಯುವ ಹಿತ್ತಾಳೆಯ ಕೊಡ. ಖಾಜಾಸಾಬ್ ಚಾವಿ ಹಾಕಿ ತಿರುವಿದ. ತಿರುಗಲಿಲ್ಲ. ತೆಗೆದು, ಊದಿ, ಅಂಗಿಗೆ ಒರೆಸಿ, ಮತ್ತೆ ಹಾಕಿ ಅಲುಗಾಡಿಸಿ ಅಲುಗಾಡಿಸಿ ತಿರುವಿದ. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಮಂದಿ ಬಂದು ಸುತ್ತ ನಿಂತರು.

ಚಾವಿಗೆ ಮೆತ್ತಿದ್ದ ಬಿಳುಪು ಎಲ್ಲರಿಗೂ ಕಾಣುತ್ತಿತ್ತು. ಅವರಲ್ಲಿ ಅರ್ಧ ಮಂದಿ ಅದೇ ಚಾವಿಯಿಂದ ಸುಣ್ಣ ಹಚ್ಚಿಸಿಕೊಂಡವರು. ಒಬ್ಬನ ಬಾಯಲ್ಲಾದರೂ ಆ ಮಾತು ಬರಬೇಡವೆ? ಕಾಲುವೆ ಬಂದಾಗಿನಿಂದ ಗಾಳಿಯಲ್ಲಿ ಹಸಿ ಹೆಚ್ಚಾಗಿದೆ, ಕಬ್ಬಿಣ ಉಬ್ಬುತ್ತದೆ ಎಂದ ಹೋಟೆಲಿನವನು. ಹೌದು, ನಮ್ಮ ಮನೆಯ ಬಾಗಿಲೂ ಹಿಡಿಯುತ್ತಿದೆ ಎಂದ ಇನ್ನೊಬ್ಬ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಸೊಳ್ಳೆಗೆ, ಮಂಡಿನೋವಿಗೆ, ಸೊಸೆಯರ ಬಾಯಿಗೆ ಎಲ್ಲಕ್ಕೂ ಕಾಲುವೆಯೇ ಕಾರಣವಾಗಿತ್ತು. ಭಾವ ಅಷ್ಟನ್ನೂ ಕೇಳಿ ತಲೆ ಆಡಿಸಿ ಖಾಜಾಸಾಬನ ಕಡೆ ತಿರುಗಿದರು.

"ಕಾಲುವಿ ಎಲ್ಲಾರಿಗೂ ಬಂದೈತಿ. ಚಾವಿ ನಂದೊಂದ ಯಾಕ ಹಿಡೀತೈತಿ? ನಿನ್ನ ಕೈ ಲಾರಿ ಕೈ. ನಾಜೂಕ ಗೊತ್ತಿಲ್ಲ ನಿನಗ."

"ಇಲ್ರಿ ಸಾವ್ಕಾರ್ರ, ಹಗೂರ್ಕ ತಿರುವ್ತೀನ್ರಿ."

"ಲಿಂಗಸೂರದಾಗ ಬೀಗರ ತಮ್ಮನ ಮಗ ಗಾಡಿ ಕಲ್ತಾನ. ಇವತ್ತ ಸಂಜೀತನ ಚಾವಿ ಸರಿ ಆಗಲಿಲ್ಲಂದ್ರ ವಾಪಸ್ ಬರೂಮುಂದ ಗಾಡಿ ಅವ ತರ್ತಾನ. ನೀ ಬಸ್ಸಿಗೆ ಬಾ. ಬಂದವನು ಹಂಗ ಮನೀಗೆ ಹೋಗು."

ಖಾಜಾಸಾಬನ ಕೈ ಸ್ಟೇರಿಂಗಿನ ಮೇಲೆ ಇದ್ದಲ್ಲೇ ಇತ್ತು. ಕನ್ನಡಿಯಲ್ಲಿ ಅವನ ಮುಖ ನನಗೆ ಕಾಣುತ್ತಿತ್ತು. "ಭಾವ, ಆ ಸುಣ್ಣ..." ಎಂದು ಬಾಯಿ ತೆರೆದೆ. ಅಕ್ಕ ನನ್ನ ಪಾದವನ್ನು ಒತ್ತಿ ತುಳಿದಳು. "ಸುಣ್ಣ ಐತಿ, ಎಲಿ ಮಸ್ಕಿಯಾಗ ತಗೊಳ್ಳೂಣು" ಎಂದರು ಭಾವ.

ಕಡೆಗೂ ಚಾವಿ ಹೇಗೋ ತಿರುಗಿತು, ಮಸ್ಕಿಯವರೆಗೆ ಗಾಡಿ ಚೆನ್ನಾಗಿ ಓಡಿತು. ಬಸ್ ಸ್ಟ್ಯಾಂಡಿನ ಹತ್ತಿರ ಎಲೆ ಕೊಳ್ಳಲು ನಿಲ್ಲಿಸಿದಾಗ ಇನ್ನೊಂದು ರಾಮಾಯಣ ಸುರುವಾಯಿತು. ಈಗ ಚಾವಿ ಹಿಂದಕ್ಕೂ ತಿರುಗಲಿಲ್ಲ, ಹೊರಗೂ ಬರಲಿಲ್ಲ. ಇಂಜಿನ್ ಬಂದಾಗಲಿಲ್ಲ. ಖಾಜಾಸಾಬ್ ಬ್ರೇಕು ಒತ್ತಿ ಹಿಡಿದು ಗೇರಿನಲ್ಲಿ ಕ್ಲಚ್ಚು ಬಿಟ್ಟ, ಕಾರು ಕೆಮ್ಮಿ ನಿಂತಿತು. ಕೆಳಗಿಳಿದು ಬ್ಯಾಟರಿಯ ವೈರು ಬಿಚ್ಚಿಟ್ಟ. ಭಾವ ಎಲೆ ಕೊಂಡು ಬಂದು, ಡಬ್ಬಿ ತೆಗೆದು, ಜೇಬಿಗೆ ಕೈ ಹಾಕಿದರು. ಚಾವಿ ಇರಲಿಲ್ಲ. ಬೆರಳಿನಿಂದ ಸುಣ್ಣ ಎತ್ತಿದರು. ಎಲೆಅಂಗಡಿಯವನು ಅವರನ್ನು ಬಸ್ಸಿಳಿದು ಬಂದವರಂತೆ ನೋಡಿದ. ಆ ನೋಟ ಅವರಿಗೆ ಚುಚ್ಚಿತು.

"ಕಮ್ಮಾರನ್ನ ಕರಸ್ರಿ" ಎಂದರು.

ಕಮ್ಮಾರ ಅಂಬಪ್ಪ ಕುಲುಮೆ ಬಿಟ್ಟು ಬಂದ. ನೇಗಿಲಿನ ಕುಡ, ಕುಡಗೋಲು ಮಾಡುವವನಿಗೆ ಕಾರಿನ ಕೀಲಿ ಏನು ಗೊತ್ತು? ಗೊತ್ತಿಲ್ಲವೆಂದರೆ ಸಾವ್ಕಾರರಿಗೆ ಬೇಸರವಾದೀತು ಎಂದು ಗೊತ್ತಿದೆ ಎಂದುಕೊಂಡೇ ಬಂದ. ಬಗ್ಗಿ ನೋಡಿದ. ಕೀಲಿಯ ಬಾಯಿಗೆ ಹತ್ತಿದ್ದ ಬಿಳುಪನ್ನು ಉಗುರಿನಿಂದ ಕೆರೆದು ಬೆರಳಿಗೆ ತಿಕ್ಕಿ ನೋಡಿದ. ಭಾವನ ತುಟಿ ನೋಡಿದ, ತುಟಿಯ ಮೂಲೆಯಲ್ಲಿಯೂ ಅದೇ ಬಿಳುಪು. ಇನ್ನು ಹೇಳುತ್ತಾನೆ ಎಂದುಕೊಂಡೆ.

"ಚಾವಿ ಸವದೈತ್ರಿ. ಹಿಡದ ಕೈ ಬಿರುಸು ಐತಿ" ಎಂದ ಅಂಬಪ್ಪ.

"ಕೇಳಿದ್ಯಾ?" ಎಂದರು ಭಾವ ಖಾಜಾಸಾಬನಿಗೆ.

ಔಷಧಿಯನ್ನೂ ಅಂಬಪ್ಪನೇ ಹೇಳಿದ. ಎದುರಿನ ಅಂಗಡಿಯಿಂದ ಕುಸುಬಿ ಎಣ್ಣೆ ಬಂತು. ಬತ್ತಿ ಅದ್ದಿ ಅದ್ದಿ ಕೀಲಿಯ ತೂತಿಗೆ ಹಿಂಡಿದರು. ಸುಣ್ಣಕ್ಕೆ ಎಣ್ಣೆ ಕೂಡಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮುದಗಲ್ಲಿಗೆ ಹೋಗಿ ಕೋಟೆಯ ಕಲ್ಲಿನಂಥ ಗಚ್ಚು ಮುಟ್ಟಿ ನೋಡಬೇಕು. ಮೊದಲು ಅಲುಗಾಡುತ್ತಿದ್ದ ಚಾವಿ ಈಗ ಮಿಸುಕಾಡುವುದನ್ನೂ ಬಿಟ್ಟಿತು. "ಇನ್ನ ಸಡ್ಲ ಆಗ್ತೈತ್ರಿ, ಹೊತ್ತ ಹಿಡೀತೈತಿ" ಎಂದು ಹೇಳಿ ಅಂಬಪ್ಪ ಬೇಗಬೇಗನೆ ಕುಲುಮೆಯ ಕಡೆ ನಡೆದ.

ಅಕ್ಕ ಇಳಿದು ಬಾಗಿಲ ಹತ್ತಿರ ನಿಂತಿದ್ದಳು. ಖಾಜಾಸಾಬ್ ವೈರು ಜೋಡಿಸುತ್ತಿದ್ದಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ನೀನ ಹೇಳಬಾರದೇನೋ ಖಾಜಾ?"

"ಮಾಲಕರ ಬಾಯಾಗಿಂದು ನಾ ಹೆಂಗ ಹೇಳ್ಲೆವ್ವಾ? ನೀವು ಹೇಳ್ರಿ."

"ನಾ ಹೇಳಿದ್ರ ಮನಿಯಾಗ ತಿಂಗಳಾನುಗಟ್ಟಲೆ ಮಾತು ಬಂದ್."

ಹೀಗೆ ಎಲ್ಲರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು, ಬಾಯಲ್ಲಿ ಸುಣ್ಣವಿದ್ದವರೊಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಸತ್ಯ ಗೊತ್ತಿದ್ದು, ಕಾರು ತಳ್ಳಿಸಿಕೊಂಡು ಮಸ್ಕಿಯಿಂದ ಹೊರಟಿತು. ದಾರಿಯಲ್ಲಿ ಖಾಜಾಸಾಬ್, ತನ್ನಷ್ಟಕ್ಕೆ ಎಂಬಂತೆ, ಹಟ್ಟಿಯಲ್ಲಿ ಹೊಸಬರನ್ನು ಈಗಲೂ ತೆಗೆದುಕೊಳ್ಳುತ್ತಾರೇನ್ರಿ ಎಂದು ನನ್ನನ್ನು ಕೇಳಿದ.

ಲಿಂಗಸುಗೂರಿನಲ್ಲಿ ಬೀಗರ ಮನೆಯ ಮುಂದೆ ತೋರಣ, ಹಂದರ, ಮಂದಿ. ಭಾವ ಕಾರಿನಿಂದ ಇಳಿಯಲೊಲ್ಲರು. ಚಾವಿ ಜೇಬಿನಲ್ಲಿದ್ದರೆ ಎಲ್ಲಿ ಕೂತರೂ ಅವರು ಕಾರಿನ ಸಾವ್ಕಾರರೇ. ಚಾವಿ ಕಾರಿನಲ್ಲಿ ಸಿಕ್ಕಿಕೊಂಡಾಗ ಕಾರು ಬಿಟ್ಟು ನಡೆದರೆ ಹಂದರದಲ್ಲಿ ಕೂತ ಹತ್ತರ ಜೊತೆ ಹನ್ನೊಂದನೆಯವರಾಗುತ್ತಾರೆ. ಸೆಖೆಯಲ್ಲಿ ಬೆವರುತ್ತ ಮುಂದಿನ ಸೀಟಿನಲ್ಲೇ ಕುಳಿತರು. ಹಿರಿಯ ಬೀಗರು ಗ್ಯಾನಪ್ಪನವರು ನೀರಿನ ತಂಬಿಗೆ ಹಿಡಿದು ಹೊರಗೆ ಬಂದರು. ಹೋಳಿಗೆಯ ತಾಟು ಕಾರಿಗೇ ಬಂತು. ನನ್ನ ಅಕ್ಕ ಕೊಡ ಎತ್ತಿಕೊಂಡು, ಯಾರ ಕಡೆಯೂ ನೋಡದೆ ಒಳಗೆ ಹೋದಳು.

ಗ್ಯಾನಪ್ಪನವರ ತಮ್ಮನ ಮಗ ಕಾರಿನ ಸುತ್ತ ಎರಡು ಸುತ್ತು ಹಾಕಿ ಟೈರು ಒದ್ದು ನೋಡಿದ. "ಸಂಜೀಕ ನಾನ ಬರ್ತೀನ್ರಿ ಕಾಕಾ" ಎಂದ. ಖಾಜಾಸಾಬ್ ಅದನ್ನು ಕೇಳಿದ. ಕೂಡಲೇ ಬಜಾರಿಗೆ ಓಡಿ ಶಾವಲಿ ಎಂಬ ಮಿಸ್ತ್ರಿಯನ್ನು ಕರೆತಂದ. ಶಾವಲಿ ಬಸ್ಸು, ಲಾರಿ ರಿಪೇರಿ ಮಾಡುವವನು, ಬಾಯಿ ಜೋರು, ಯಾವ ಊರಿನ ಯಾವ ಸಾವ್ಕಾರ ಎಂಬ ಗೋಜು ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ, ಕೀಲಿಯನ್ನು ಚಾವಿಯ ಸಮೇತ ಬಿಚ್ಚಿ ಹೊರಗೆ ತೆಗೆದ. ಹಂದರದಲ್ಲಿದ್ದವರೆಲ್ಲ ಎದ್ದು ಬಂದರು. ಅವನು ಚಾವಿಯನ್ನು ಇಕ್ಕಳದಿಂದ ಎಳೆದು ಕಿತ್ತು, ಕೀಲಿಯನ್ನು ಕಾಗದದ ಮೇಲೆ ಬೋರಲು ಹಾಕಿ ಕುಟ್ಟಿದ.

ಕಾಗದದ ಮೇಲೆ ಬಿಳಿ ಹೆಂಟೆಗಳು ಬಿದ್ದವು. ಅವುಗಳ ನಡುವೆ ಅಡಿಕೆಯ ಒಂದು ಚೂರೂ ಇತ್ತು.

"ಸುಣ್ಣ" ಎಂದ ಶಾವಲಿ. "ಯಾರ್ರೀ ಚಾವಿಲೆ ಸುಣ್ಣ ತಿನ್ನಾರು?"

ಎಲ್ಲರ ಕಣ್ಣು ಒಂದು ಗಳಿಗೆ ಭಾವನ ಕೆಂಪು ಬಾಯಿಯ ಮೇಲೆ ನಿಂತು, ಆಮೇಲೆ ತೋರಣ, ಹಂದರ, ಆಕಾಶ ಎಂದು ಚದುರಿಹೋದವು. ನನಗೆ, ಸುಳ್ಳೇಕೆ, ಒಳಗೊಳಗೆ ಖುಷಿಯಾಯಿತು. ಕಡೆಗೂ ಬಿತ್ತಲ್ಲ ಎಂದುಕೊಂಡೆ. ಭಾವ ಬಾಯಲ್ಲಿದ್ದದ್ದನ್ನು ಕಿಟಕಿಯ ಆಚೆ ಉಗುಳಿದರು. ಹೆಗಲ ಮೇಲಿನ ವಲ್ಲಿಯಿಂದ ತುಟಿ ಒರೆಸಿಕೊಂಡರು. ನಿಧಾನವಾಗಿ ಖಾಜಾಸಾಬನ ಕಡೆ ತಿರುಗಿದರು.

"ಯಾವಾಗಿಂದ ತಿನ್ನಾಕತ್ತೀಯೋ ಖಾಜಾ?"

ಖಾಜಾಸಾಬ್ ಭಾವನನ್ನು ನೋಡಿದ. ಟೈರು ಒದ್ದ ಹುಡುಗನನ್ನು ನೋಡಿದ. ಕಾಗದದ ಮೇಲಿನ ಸುಣ್ಣ ನೋಡಿದ. ನಾನು ಒಂದು ಹೆಜ್ಜೆ ಮುಂದೆ ಇಟ್ಟದ್ದನ್ನೂ ನೋಡಿದ. ಕಣ್ಣಿನಲ್ಲೇ ನನ್ನನ್ನು ಬೇಡಿಕೊಂಡ, ನಿಲ್ಲಿಸಿದ.

"ಈಗೀಗ್ರಿ ಸಾವ್ಕಾರ್ರ" ಎಂದ. "ತಪ್ಪಾತ್ರಿ."

ಭಾವನ ಮುಖ ಅರಳಿತು. ಮನುಷ್ಯನಿಗೆ ಮಾಫ್ ಮಾಡುವ ಅವಕಾಶ ಸಿಕ್ಕರೆ ಎಂಥ ತೇಜಸ್ಸು ಬರುತ್ತದೆ ಎಂದು ಅವತ್ತು ಕಂಡೆ. ಕಾರಿನಿಂದ ಇಳಿದರು, ಅವನ ಹೆಗಲ ಮೇಲೆ ಕೈ ಇಟ್ಟರು. "ಮೊದಲ ಹೇಳಿದ್ರ ಆಗ್ತಿತ್ತಿಲ್ಲೋ. ನಾ ಏನ್ ಹುಲಿಯೇನು? ಚಟ ಯಾರಿಗಿಲ್ಲ? ಆದ್ರ ಚಾವಿಲೆ ತಿನ್ನೂದು ದರಿದ್ರ ಚಾಳಿ. ಹೋಗ್ಲಿ, ನೌಕರಿ ಮಾಡ್ಕೊಂಡಿರು."

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಗ್ಯಾನಪ್ಪನವರು ಒಗಟು ಬಿಡಿಸದೆ ಬಿಡುವ ಪೈಕಿ ಅಲ್ಲ. ಖಾಜಾಸಾಬನ ಮುಖವನ್ನೇ ನೋಡುತ್ತ, "ಎಲಿ ತಿನ್ನಾವನ ಹಲ್ಲು ಇಷ್ಟು ಬೆಳ್ಳಗ ಇರತಾವೇನ್ರಿ ಬೀಗರ?" ಎಂದರು.

"ಹಂಗಂದ್ರ?" ಎಂದರು ಭಾವ. ಡಬ್ಬಿ ತೆಗೆದರು, ದೊಡ್ಡ ಎಲೆ ಆರಿಸಿದರು, ಎರಡು ಬೆರಳಿನ ತುಂಬ ಸುಣ್ಣ ಸವರಿದರು, ಅಡಿಕೆ ಇಟ್ಟು ಮೇಲೆ ತಂಬಾಕು ಉದುರಿಸಿ ಮಡಚಿ ಕೊಟ್ಟರು. "ನಾಚಬ್ಯಾಡ. ನಮ್ಮ ಮುಂದ ತಿನ್ನು."

ಖಾಜಾಸಾಬ್ ಬಾಯಿಗೆ ಹಾಕಿಕೊಂಡ. ಅಷ್ಟು ಸುಣ್ಣ ನಾಲಿಗೆ ಸುಡದೆ ಇರುತ್ತದೆಯೆ? ಕಣ್ಣಲ್ಲಿ ನೀರು ತುಂಬಿತು, ಕಿವಿ ಕೆಂಪಾದವು. ಜಗಿದ. ಅವನ ಗಂಟಲು ಏರಿಳಿಯುವುದನ್ನು ಅಷ್ಟು ಮಂದಿ ನೋಡುತ್ತ ನಿಂತಿದ್ದರು, ಅದರಲ್ಲಿ ಒಬ್ಬರೂ ಸಾಕು ಅನ್ನಲಿಲ್ಲ. ನನಗೆ ಆ ಹೊತ್ತು ಭಾವನ ಮೇಲೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಹೋಳಿಗೆ ಊಟ ಮಾಡದೆ ಎದ್ದೆ, ಬೀಗರು ಪಿತ್ತ ಎಂದುಕೊಂಡರು.

"ಖಾರ ಆತೇನೋ?" ಎಂದು ಕೇಳಿದರು ಭಾವ.

"ಇಲ್ರಿ. ರೂಢಿ ಐತ್ರಿ."

ಶಾವಲಿ ಕೀಲಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ. ಹಳೆಯ ಚಾವಿಯ ಹಲ್ಲು ನಿಜಕ್ಕೂ ಸವೆದಿತ್ತು. ಅಳತೆ ನೋಡಿ ನೋಡಿ ಅರದಿಂದ ತಿಕ್ಕಿ ಹೊಸ ಚಾವಿ ಮಾಡಿದ. ಸಂಜೆ ಬೆಣ್ಣೆಯಲ್ಲಿ ಕೈ ಆಡಿಸಿದಂತೆ ತಿರುಗಿತು. ಕಾರು ಸಿಂಧನೂರಿಗೆ ಬಂದದ್ದು ಖಾಜಾಸಾಬನ ಕೈಯಲ್ಲೇ. ದಾರಿಯಲ್ಲಿ ಅವನು ನಾಕು ಕಡೆ ನಿಲ್ಲಿಸಿ ಬಾಯಿ ಮುಕ್ಕಳಿಸಿದ. ಮರುದಿನ ಹೋಟೆಲಿನಲ್ಲಿ ಭಾವ ಡ್ರೈವರನ ಕೆಟ್ಟ ಚಟದ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಹೊಸ ಚಾವಿಯಿಂದ ಎಲೆಗೆ ಸುಣ್ಣ ಹಚ್ಚಿದರು. ಕೇಳುತ್ತಿದ್ದವರು ಅಯ್ಯೋ ಪಾಪ ಎಂದು ತಲೆದೂಗಿ ಆ ಎಲೆ ಇಸಗೊಂಡರು.

ಆಡಿದ ಸುಳ್ಳನ್ನು ಕಾಯುವುದು ಸಣ್ಣ ಚಾಕರಿಯಲ್ಲ. ಊರಿಗೆಲ್ಲ ಖಾಜಾಸಾಬ್ ಎಲೆ ತಿನ್ನುವವನು ಎಂದು ಗೊತ್ತಾದ ಮೇಲೆ ತಿನ್ನದೆ ಇದ್ದರೆ ನಡೆದೀತೆ? ಬೀಗರು ಬಂದಾಗ ಭಾವ ಕರೆದು ಕೊಡುತ್ತಿದ್ದರು, ಸೊಸೈಟಿಯ ಮಂದಿ ಚೇಷ್ಟೆಗೆ ಕೊಡುತ್ತಿದ್ದರು. ಮೊದಮೊದಲು ಅವನು ಗಿಡದ ಹಿಂದೆ ಹೋಗಿ ಉಗುಳಿ ಬರುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಉಗುಳುವುದು ನಿಂತಿತು. ಭತ್ತ ಕೊಯ್ಲಿಗೆ ಬರುವಾಗ ಅವನ ಜೇಬಿನಲ್ಲಿ ಅವನದೇ ಡಬ್ಬಿ ಇತ್ತು. ನಕ್ಕರೆ ಬಾಯಿ ಕೆಂಪು, ನಗುವುದೂ ಕಡಿಮೆ.

ಒಂದು ಮಧ್ಯಾಹ್ನ ಜಮೀಲಾಬೀ ಕೂಸನ್ನು ಸೊಂಟದ ಮೇಲೆ ಹೊತ್ತು ಅಕ್ಕನ ಹತ್ತಿರ ಬಂದಳು. ನಾನು ಕಟ್ಟೆಯ ಮೇಲೆ ಇದ್ದೆ. "ಅಕ್ಕಾರ, ನನ್ನ ಗಂಡ ಸುಪಾರಿ ಮುಟ್ಟಿದಾವಲ್ಲ. ಈಗ ರೊಟ್ಟಿ ಬಿಟ್ಟಾನ, ಎಲಿ ಬಿಡವಲ್ಲ. ಈ ಚಟ ಯಾರು ಹಚ್ಚಿದ್ರು ಅಂತ ಕೇಳಿದ್ರ ನಾನ ಹಚ್ಕೊಂಡೆ ಅಂತಾನ. ನಿಮಗೇನರ ಗೊತ್ತೇನ್ರಿ?"

ಅಕ್ಕ ಸೆರಗು ಬಾಯಿಗೆ ಹಿಡಿದು ನೆಲ ನೋಡಿದಳು. ಒಳಗೆ ಮಂಚದ ಮೇಲೆ ಒರಗಿದ್ದ ಭಾವ ಅಲ್ಲಿಂದಲೇ ಮಾತಾಡಿದರು. "ನಾನೂ ಬುದ್ಧಿ ಹೇಳೇನವಾ ತಂಗಿ. ಕೇಳಲಿಲ್ಲ. ಆದ್ರೂ ನೌಕರಿ ಬಿಡಿಸಿಲ್ಲ ನೋಡು." ಜಮೀಲಾಬೀ ಅವರಿಗೆ ಕೈ ಮುಗಿದಳು. ನಾನು ಎದ್ದು ಹೊರಗೆ ಬಂದೆ, ಅಲ್ಲಿ ಇನ್ನೊಂದು ಗಳಿಗೆ ನಿಂತಿದ್ದರೆ ಏನಾದರೂ ಕೈಯಲ್ಲಿ ಸಿಕ್ಕಿದ್ದನ್ನು ಎಸೆಯುತ್ತಿದ್ದೆ.

ಬೇವಿನ ಮರದ ಕೆಳಗೆ ಖಾಜಾಸಾಬ್ ಕಾರಿನಲ್ಲಿ ಒಬ್ಬನೇ ಕೂತಿದ್ದ. ಎಡಗೈಯಲ್ಲಿ ಎಲೆ ಹರಡಿಕೊಂಡು, ಡಬ್ಬಿ ತೊಡೆಯ ಮೇಲಿಟ್ಟು, ಕಾರಿನ ಚಾವಿಯ ತುದಿಯಿಂದ ಸುಣ್ಣ ಎತ್ತಿ ನಿಧಾನವಾಗಿ ಸವರುತ್ತಿದ್ದ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

"ನೀನೂ ಚಾವಿಲೆನ ತಿನ್ತೀಯಲ್ಲೋ ಖಾಜಾ."

ಅವನು ಗಾಬರಿಯಾಗಲಿಲ್ಲ. ಎಲೆ ಮಡಚಿ ಬಾಯಿಗೆ ಹಾಕಿಕೊಂಡು ಜಗಿದ.

"ಅವತ್ತ ಅಷ್ಟು ಮಂದಿ ಮುಂದ ಸುಳ್ಳು ಹೇಳಿದ್ನಲ್ರಿ ಅಣ್ಣಾರ" ಎಂದ. "ನಮಾಜಿಗೆ ಕುಂತ್ರ ಅದ ಚುಚ್ಚತಿತ್ತು. ಈಗ ಅಂಥಾದ್ದೇನಿಲ್ರಿ. ಖರೇ ಆಗೇತಿ."

ಚಾವಿಯನ್ನು ಅಂಗಿಗೆ ಒರೆಸಿ ಕೀಲಿಗೆ ಹಾಕಿ ತಿರುವಿದ. ತಿರುಗಲಿಲ್ಲ. ತೆಗೆದು, ಬಾಯಿಂದ ಊದಿ, ಮತ್ತೆ ಹಾಕಿದ.